ಹಣೆಗೆ ಭಂಡಾರ ಹಚ್ಚಿದ ಇಲಿ

೧೯೭೯ರ ಡಿಸೆಂಬರ್ ಮೊದಲ ವಾರದ ಒಂದು ಮಧ್ಯಾಹ್ನ ಸೋಲಾಪುರದ ಒಂದು ಪ್ರಯೋಗಶಾಲೆಯಲ್ಲಿ, ಗಾಜಿನ ಜಾಡಿಯ ನೀರಿಗೆ ಬಿಟ್ಟ ಬಿಳಿ ಇಲಿಯೊಂದು ಈಜುವುದನ್ನು ನಿಲ್ಲಿಸಿತು. ಅದೇ ದಿನ ಸಂಜೆ, ಅಲ್ಲಿಂದ ಬಸ್ಸಿನಲ್ಲಿ ತಾಸು ದಾರಿಯ ಅಕ್ಕಲಕೋಟೆಯಲ್ಲಿ, ಮಳೆಗಾಲದಿಂದ ಬಾಯಿ ಬಿಡದಿದ್ದ ನನ್ನ ಅಕ್ಕ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ನಡೆದದ್ದು ಇಷ್ಟು. ಇವೆರಡಕ್ಕೂ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಇಲ್ಲವೆಂದು ಹೇಳುವುದೂ ಇಂದಿನವರೆಗೆ ನನ್ನಿಂದ ಆಗಿಲ್ಲ.

ಆಗ ನಾನು ಒಂದು ಕನ್ನಡ ಪತ್ರಿಕೆಗೆ ಸೋಲಾಪುರದಿಂದ ಸುದ್ದಿ ಕಳಿಸುತ್ತಿದ್ದೆ. ಮೈಮೇಲೆ ದೇವರು ಬಂದದ್ದು, ಕನಸಿನಲ್ಲಿ ಕಂಡದ್ದು ಬೆಳಿಗ್ಗೆ ನಿಜವಾದದ್ದು, ಇಂಥ ಸಂಗತಿಗಳನ್ನು ಹೇಳಿಕೊಂಡು ಕಚೇರಿಗೆ ಬರುವವರಿಗೆ ಕೊರತೆ ಇರಲಿಲ್ಲ. ಯಾರು ನೋಡಿದರು, ಇನ್ನೊಬ್ಬರು ಯಾರು ನೋಡಿದರು, ಯಾವಾಗ ಎಂದು ನಾನು ಕೇಳುತ್ತಿದ್ದೆ. ಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಸಂಗತಿ ಸಡಿಲಾಗುತ್ತಿತ್ತು. ಬಂದವರಿಗೆ ಚಹಾ ಕುಡಿಸಿ ಕಳಿಸುತ್ತಿದ್ದೆ. ನನಗೆ ಅಂಥವುಗಳಲ್ಲಿ ನಂಬಿಕೆಯಿರಲಿ, ಕುತೂಹಲವೂ ಇರಲಿಲ್ಲ. ಇದನ್ನು ಓದುವವರು ಅಷ್ಟನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು.

ಅಕ್ಕನ ಹೆಸರು ಸುಶೀಲಾ. ಅವಳನ್ನು ಅಕ್ಕಲಕೋಟೆಯ ಬಟ್ಟೆ ವ್ಯಾಪಾರಿಗಳ ಮನೆಗೆ ಕೊಟ್ಟಿತ್ತು. ಅವಳ ಗಂಡನನ್ನು ನಾನು ಮಾಮಾ ಎನ್ನುತ್ತಿದ್ದೆ. ಮಾಮಾ ಊಟಕ್ಕೆ ಒಳಗೆ ಹೋದಾಗ ಅಂಗಡಿಯಲ್ಲಿ ಅಕ್ಕ ಕೂರುತ್ತಿದ್ದಳು. ಆ ಹೊತ್ತು ನೋಡಿಕೊಂಡೇ ಹೆಂಗಸರು ಕುಪ್ಪಸದ ಖಣ ಕೊಳ್ಳಲು ಬರುತ್ತಿದ್ದರು, ಅವಳ ಮಾತು ಕೇಳಲು. ಬೆಲೆ ಇಳಿಸು ಎಂದು ಹಟ ಹಿಡಿದವಳಿಗೆ ಒಮ್ಮೆ, "ಇಷ್ಟ ಕಡಿಮಿಗೆ ಬೇಕಾದ್ರ ಒಂದ ತೋಳಿನ ಕುಪ್ಪಸಾ ಹೊಲಿಸ್ಕೋ ತಂಗಿ, ಇನ್ನೊಂದ ತೋಳು ಸೆರಗಿನ್ಯಾಗ ಮುಚ್ಕೋ" ಎಂದದ್ದು ನನಗೆ ನೆನಪಿದೆ. ಆ ಹೆಂಗಸು ನಕ್ಕು ಪೂರ್ತಿ ಬೆಲೆ ಕೊಟ್ಟು ಹೋದಳು.

ಆ ವರ್ಷದ ಮಳೆಗಾಲದಲ್ಲಿ ಅವಳ ಮಾತು ಕಡಿಮೆಯಾಯಿತು. ಮನೆಯಲ್ಲಿ ಸಾವಾಗಿರಲಿಲ್ಲ, ಜಗಳವಾಗಿರಲಿಲ್ಲ, ವ್ಯಾಪಾರ ಕೆಟ್ಟಿರಲಿಲ್ಲ. ಕಾರಣ ಸಿಗದಿದ್ದದ್ದೇ ನಮ್ಮನ್ನು ಹೆಚ್ಚು ಹೆದರಿಸಿತು. ಮೊದಲು ಮಾತನ್ನು ಅರ್ಧಕ್ಕೆ ಬಿಟ್ಟಳು, ಆಮೇಲೆ ಶುರುಮಾಡುವುದನ್ನೇ ಬಿಟ್ಟಳು. ಬಾಯಿಗೆ ತುತ್ತು ಇಟ್ಟರೆ ನುಂಗುವಳು. ಮಾಮಾನ ತಾಯಿಯನ್ನು ಮನೆಯವರೆಲ್ಲ ಆಯಿ ಎನ್ನುತ್ತಿದ್ದರು. ಆಯಿ ದಿನಾ ಅವಳ ತಲೆ ಬಾಚಿ, ಕುಂಕುಮ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತಿದ್ದರು. ಊರಿನ ಸ್ವಾಮಿಗಳ ಮಠಕ್ಕೂ ಕರೆದೊಯ್ದರು. ಒಬ್ಬ ಡಾಕ್ಟರರು ಗುಳಿಗೆ ಕೊಟ್ಟರು. ಗುಳಿಗೆ ನುಂಗಿ ದಿನವಿಡೀ ಮಲಗುತ್ತಾಳೆಂದು ಹೆದರಿ ಮನೆಯವರು ಅದನ್ನು ನಿಲ್ಲಿಸಿದರು.

ನವರಾತ್ರಿಯಲ್ಲಿ ಒಂದು ಬೆಳಿಗ್ಗೆ ಮಾಮಾ ಹಿತ್ತಲಿಗೆ ಹೋದಾಗ ಅಕ್ಕ ಬಾವಿಯ ಕಟ್ಟೆಯ ಮೇಲೆ ನಿಂತಿದ್ದಳು. ಕೂಗಿದರೆ ತಿರುಗಲಿಲ್ಲ. ಮಾಮಾ ಸೀರೆ ಹಿಡಿದು ಹಿಂದಕ್ಕೆ ಎಳೆದ. ಅವಳು ಬಿಡಿಸಿಕೊಳ್ಳಲೂ ಇಲ್ಲ, ತಾನಾಗಿ ಬರಲೂ ಇಲ್ಲ. ಮರುದಿನ ಬಾವಿಗೆ ಕಬ್ಬಿಣದ ಜಾಳಿಗೆ ಕೂರಿಸಿ ಕೀಲಿ ಹಾಕಿದರು. ಕೀಲಿಕೈ ಆಯಿಯ ಸೊಂಟಕ್ಕೆ ಸೇರಿತು. ಅಂದಿನಿಂದ ಒಬ್ಬರಲ್ಲ ಒಬ್ಬರು ಅವಳ ಪಕ್ಕದಲ್ಲಿ ಕೂರಬೇಕಾಯಿತು. ಸೋಲಾಪುರದಲ್ಲಿ ನಮ್ಮ ಕಚೇರಿಯ ಟೆಲಿಫೋನ್ ಗಂಟೆ ಬಾರಿಸಿದಾಗಲೆಲ್ಲ ನನ್ನ ಕೈ ಪೆನ್ನಿನ ಮೇಲೆ ನಿಲ್ಲುತ್ತಿತ್ತು. ಎತ್ತಿಕೊಂಡವರು ಬೇರೆ ಯಾರದೋ ಹೆಸರು ಹೇಳಿದ ಮೇಲೆ ಮುಂದಿನ ಸಾಲು ಬರೆಯುತ್ತಿದ್ದೆ.

ಈ ಚಿಂತೆಯೇ ನನ್ನನ್ನು ಡಾಕ್ಟರ್ ಜೋಶಿಯವರ ಹತ್ತಿರ ಒಯ್ದಿತು. ಅವರು ಔಷಧಗಳ ವಿಷಯ ಕಲಿಸುವವರು. ಮನೆಮಾತು ಮರಾಠಿ, ಕನ್ನಡ ಸೋಲಾಪುರದ ಓಣಿಗಳಲ್ಲಿ ಕಲಿತದ್ದು. ಬೇಸರ ಹಿಡಿದು ಮೂಲೆ ಸೇರುವ ಕಾಯಿಲೆಗೆ ಯಾವ ಔಷಧ ಹೇಗೆ ಕೆಲಸ ಮಾಡುತ್ತದೆ ಎಂದು ಇಲಿಗಳ ಮೇಲೆ ನೋಡುತ್ತಿದ್ದಾರೆಂದು ತಿಳಿದು, ಪತ್ರಿಕೆಗೆ ಬರೆಯುವ ನೆಪದಲ್ಲಿ ಹೋದೆ. ಎರಡನೆಯ ಭೇಟಿಯಲ್ಲಿ ಅಕ್ಕನ ವಿಷಯ ಹೇಳಿದೆ. ಅವರು ಸಿಟ್ಟಾದರು.

"ಗುಳಿಗಿ ನಡುವ ಯಾಕ ನಿಲ್ಲಿಸಿದ್ರಿ? ಅದು ತಲಿನೋವಿನ ಗುಳಿಗಿ ಅಲ್ಲ, ನುಂಗಿದ ತಾಸಿಗೆ ಕೆಲಸಾ ಮಾಡಾಕ. ವಾರಗಟ್ಟಲೆ ಹಿಡೀತದ. ಕರ್ಕೊಂಡ ಬರ್ರಿ ಅವರನ್ನ."

ಮಾಮಾನಿಗೆ ಹೇಳಿದರೆ, "ಲಗ್ನದ ಹಂಗಾಮು ಮುಗೀಲಿ, ಅಂಗಡಿ ಬಿಟ್ಟ ಬರಾಕ ಆಗವಲ್ದು" ಎಂದ. ಹಾಗೆ ದಿನ ಹೋಗುತ್ತಿದ್ದವು.

ಜೋಶಿಯವರ ಕೆಲಸ ನೋಡಲು ಸುಲಭವಾಗಿತ್ತು. ಎತ್ತರದ ಗಾಜಿನ ಜಾಡಿಯಲ್ಲಿ ಬೆಚ್ಚಗಿನ ನೀರು. ಇಲಿಗೆ ತಳ ಸಿಗದಷ್ಟು ಆಳ, ಅಂಚು ಸಿಗದಷ್ಟು ಎತ್ತರ. ನೀರಿಗೆ ಬಿದ್ದ ಇಲಿ ಮೊದಲು ಗಾಜನ್ನು ಕೆರೆಯುತ್ತದೆ, ಮುಳುಗಿ ತಳ ಹುಡುಕುತ್ತದೆ, ಸುತ್ತು ಹೊಡೆಯುತ್ತದೆ. ಬಹಳ ಹೊತ್ತಿನ ಮೇಲೆ ಕೈಕಾಲು ಬಿಟ್ಟು ಸುಮ್ಮನೆ ತೇಲುತ್ತದೆ, ಮೂಗು ಮಾತ್ರ ನೀರಿನ ಮೇಲೆ. ಆಮೇಲೆ ಅದನ್ನು ಎತ್ತಿ, ಒರೆಸಿ, ದೀಪದ ಕೆಳಗೆ ಬೆಚ್ಚಗೆ ಇಡುತ್ತಾರೆ. ಮರುದಿನ ಮತ್ತೆ ಬಿಟ್ಟರೆ ಬೇಗ ನಿಂತುಬಿಡುತ್ತದೆ. ಔಷಧ ಕೊಟ್ಟ ಇಲಿ ಮಾತ್ರ ಇನ್ನಷ್ಟು ಹೊತ್ತು ಈಜುತ್ತದೆ.

"ಅಂದ್ರ ಇಲಿಗೆ ದುಃಖ ಆಗ್ಯದ ಅಂತೀರೇನು?" ಎಂದು ಕೇಳಿದ್ದೆ.

"ಹಂಗ ಬರೀಬ್ಯಾಡ್ರಿ. ನಿಂತದ ಅಂತ ಬರೀರಿ. ಯಾಕ ನಿಂತದ ಅನ್ನೋದು ಅದಕ್ಕ ಗೊತ್ತು."

ಆ ಉತ್ತರ ನನಗೆ ಹಿಡಿಸಿತು. ಸುದ್ದಿಮನೆಯಲ್ಲಿ ನಮಗೂ ಅದನ್ನೇ ಕಲಿಸಿದ್ದರು.

ಬಿಳಿ ಇಲಿಗಳು ಒಂದರಂತೆ ಒಂದು ಇರುವುದರಿಂದ ಗುರುತಿಗೆ ಹಳದಿ ಬಣ್ಣ ಹಚ್ಚುತ್ತಿದ್ದರು. ನೀರಿಗೆ ಬಿಡದ ಬಣ್ಣ ಅದು. ತಲೆಯ ಮೇಲೆ ಹಳದಿ ಇದ್ದದ್ದು ಔಷಧ ಕೊಟ್ಟದ್ದು, ಬಾಲದ ಮೇಲೆ ಇದ್ದದ್ದು ಕೊಡದೆ ಇದ್ದದ್ದು. ಇನ್ನೂ ಕೆಲಸಕ್ಕೆ ತೆಗೆದುಕೊಳ್ಳದ ಇಲಿಗಳು ಗುರುತಿಲ್ಲದೆ ಬೇರೆ ಪಂಜರದಲ್ಲಿದ್ದವು.

ಪಂಜರಗಳನ್ನು ನೋಡಿಕೊಳ್ಳುತ್ತಿದ್ದವನು ಬೀರಪ್ಪ. ಅಕ್ಕಲಕೋಟೆ ತಾಲೂಕಿನ ವಾಗದರಿಯವನು, ಕುರಿ ಕಾಯುವ ಮನೆತನ, ಬೀರೋಬಾ ದೇವರ ಒಕ್ಕಲು. ಪ್ರಯೋಗಶಾಲೆಯವರು ಪರೀಕ್ಷೆಗಳಿಗೆ ಬೇಕಾದ ರಕ್ತಕ್ಕಾಗಿ ಸಾಕಿದ್ದ ಕೆಲವು ಕುರಿಗಳೂ ಅವನ ಪಾಲಿಗಿದ್ದವು. ವಯಸ್ಸಾದವನು, ನಗೆಚಾಟಿಕೆಯವನು. ನನ್ನನ್ನು ಮೊದಲ ಸಲ ಕಂಡಾಗಲೇ, "ಏನ್ರಿ ಪೇಪರ್ ಸಾಹೇಬ್ರ, ಇಲಿ ಸುದ್ದಿ ಛಾಪಸ್ತೀರಂತ? ನಮ್ಮ ಮನ್ಯಾಗ ಜ್ವಾಳದ ಹಗೇವಿನ್ಯಾಗ ಇದಕ್ಕಿಂತ ದಪ್ಪನ್ವು ಅದಾವ, ಅವರ ಫೋಟೋ ತಗೀರಿ" ಎಂದಿದ್ದ. ಅಕ್ಕನ ವಿಷಯ ನಾನು ಡಾಕ್ಟರರಿಗೆ ಹೇಳುವಾಗ ಅವನೂ ಅಲ್ಲೇ ಪಂಜರ ಒರೆಸುತ್ತಿದ್ದ. ಹೊರಗೆ ಬಂದಾಗ, "ನಿಮ್ಮ ಅಕ್ಕಾರ ಹೆಸರೇನ್ರಿ?" ಎಂದು ಕೇಳಿದ. ಹೇಳಿದೆ. ಯಾಕೆ ಕೇಳಿದನೆಂದು ಆಗ ನಾನು ಕೇಳಲಿಲ್ಲ.

ಆ ಡಿಸೆಂಬರ್ ಮಧ್ಯಾಹ್ನಕ್ಕೆ ಚಂಪಾಷಷ್ಠಿ ಕಳೆದು ವಾರವಾಗಿತ್ತು. ಬೀರಪ್ಪ ಆ ಹಬ್ಬಕ್ಕೆ ಊರಿಗೆ ಹೋಗಿ ಬಂದಿದ್ದ. ನಾನು ಒಳಗೆ ಹೋದಾಗ ಅವನು ಹಿಂದಿನ ಅಂಗಳದಲ್ಲಿ ಕುರಿಗಳಿಗೆ ಮೇವು ಹಾಕುತ್ತಿದ್ದ. ಡಾಕ್ಟರರು ಒಬ್ಬರೇ ಇದ್ದರು. ತಲೆಗೆ ಹಳದಿ ಇದ್ದ ಒಂದು ಇಲಿ ಗುರುತಿಲ್ಲದವುಗಳ ಪಂಜರದಲ್ಲಿ ಕಂಡಿತು. ತಪ್ಪಿ ಅಲ್ಲಿ ಸೇರಿದೆ ಎಂದುಕೊಂಡು ಅದನ್ನು ಎತ್ತಿ ತಂದರು. "ನೋಡ್ರಿ, ಇದು ಔಷಧದ್ದು. ಇದು ಜಲ್ದಿ ನಿಂದ್ರಂಗಿಲ್ಲ" ಎಂದು ನೀರಿಗೆ ಬಿಟ್ಟರು.

ಇಲಿ ನಾಲ್ಕಾರು ಸಲ ಕೈ ಹೊಡೆಯಿತು. ಗಾಜನ್ನು ಕೆರೆಯಲಿಲ್ಲ, ತಳ ಹುಡುಕಲಿಲ್ಲ. ನಿಂತುಬಿಟ್ಟಿತು. ಗದ್ದ ಮೇಲೆ ಮಾಡಿ, ಮೂಗು ಹೊರಗಿಟ್ಟು, ನನ್ನ ಕಡೆಯ ಗಾಜಿಗೆ ಮುಖ ತಾಗಿಸಿ ತೇಲಿತು. ಅದರ ಹಣೆಯ ಹಳದಿ ಎಳೆಎಳೆಯಾಗಿ ನೀರಿಗೆ ಇಳಿಯಿತು.

ಡಾಕ್ಟರರು ಮುಂದಕ್ಕೆ ಬಗ್ಗಿದರು. ಒಂದು ಕೈಯಲ್ಲಿ ಗಡಿಯಾರ ಇತ್ತು. "ಬಣ್ಣ ಯಾಕ ಬಿಡಾಕತ್ತದ?" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಅಷ್ಟರಲ್ಲಿ ಬೀರಪ್ಪ ಬಾಗಿಲಲ್ಲಿ ಕಾಣಿಸಿದ. ಜಾಡಿ ನೋಡಿದ. ಕೈಯಲ್ಲಿದ್ದ ಬುಟ್ಟಿ ಬಿಟ್ಟ. "ಸಾಹೇಬ್ರ, ಅದನ್ನ ಯಾಕ ಹಾಕಿದ್ರಿ! ಅದು ದೇವರಿಗಿ ಬಿಟ್ಟದ್ದರಿ!"

"ಥಾಂಬಾ, ತಡೀರಿ! ಯಾರೂ ಮಾತಾಡಬ್ಯಾಡ್ರಿ. ಇನ್ನೂ ಟೈಮ್ ಆಗಿಲ್ಲ" ಎಂದರು ಡಾಕ್ಟರರು. ಸದ್ದಾದರೆ ಕೆಲಸ ಕೆಡುತ್ತದೆ. ನಮ್ಮಿಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು.

ಹೊರಗಿನ ಪಡಸಾಲೆಯಲ್ಲಿ ಬೀರಪ್ಪ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ. "ನಮ್ಮ ಕಡೆ ಯಾರರ ಹಾಸಗಿ ಹಿಡದ್ರ ಅವರ ಹೆಸರಲೇ ಒಂದ ಕುರಿ ಬಿಡ್ತೀವ್ರಿ. ಹಣಿಗಿ ಭಂಡಾರ ಹಚ್ಚಿ ಬಿಟ್ಟರ ಮುಗೀತು, ಅದಕ್ಕ ಯಾರೂ ಕೈ ಹಚ್ಚಂಗಿಲ್ಲ. ಮಾರಂಗಿಲ್ಲ, ಕೊಯ್ಯಂಗಿಲ್ಲ. ಅದು ಅಡ್ಡಾಡಕೋತ ಇದ್ದರ ಅವರೂ ಎದ್ದ ಅಡ್ಡಾಡ್ತಾರ. ನಿಮ್ಮ ಅಕ್ಕಾರ ಹೆಸರಲೇ ನಾನೂ ಒಂದ ಬಿಡಬೇಕಂದ್ಯಾ. ನನ್ನ ಹಂತೇಕ ಈಗ ಸ್ವಂತ ಕುರಿ ಎಲ್ಲಿ ಅದಾವರಿ? ಇಲ್ಲಿವು ಸರಕಾರಿ ಕುರಿ, ಅವನ್ನ ಬಿಡಾಕ ಬರಂಗಿಲ್ಲ. ಇಲಿ ಅಂದ್ರ ಯಾರು ಕೇಳ್ತಾರ ಅಂತ…"

ಭಂಡಾರವೆಂದರೆ ದೇವರ ಅರಿಸಿನ ಪುಡಿ. ವಾಗದರಿಯಲ್ಲಿ ಹಣೆಗೆ ಅರಿಸಿನ ಕಂಡರೆ ಆ ಪ್ರಾಣಿಯನ್ನು ಮುಟ್ಟಬೇಡಿ ಎಂದು ಅರ್ಥ. ಆ ಕೋಣೆಯಲ್ಲಿ ತಲೆಗೆ ಹಳದಿ ಕಂಡರೆ ಮೊದಲು ಅದನ್ನೇ ಎತ್ತಬೇಕು. ವರ್ಷಗಟ್ಟಲೆ ಆ ಹಳದಿಗಳ ನಡುವೆ ಕೆಲಸ ಮಾಡಿಯೂ ಬೀರಪ್ಪನಿಗೆ ಅದು ಹೊಳೆದಿರಲಿಲ್ಲ. ಭಂಡಾರ ಅವನಿಗೆ ಬಣ್ಣವಾಗಿ ಕಂಡೇ ಇರಲಿಲ್ಲ.

"ಹಂಗ ಬಿಟ್ಟದ್ದಕ್ಕ ಏನರ ಆದ್ರ?" ಎಂದೆ.

"ಹಂಗೆಲ್ಲಾ ಕೇಳಬಾರದ್ರಿ" ಎಂದು ಬಾಗಿಲ ಕಡೆ ನೋಡಿದ.

ಬಾಗಿಲು ತೆರೆಯುವ ತನಕ ನಾನು ಯಾಕೆ ಕಾಯಲಿಲ್ಲ ಎಂದು ಹಲವರು ಕೇಳಿದ್ದಾರೆ. ಗೊತ್ತಿಲ್ಲ. ಬಾವಿ, ಜಾಳಿಗೆ, ಕೀಲಿ, ಇವು ಕಣ್ಣ ಮುಂದೆ ಬಂದವು. ಆಯಿ ನೀರು ಸೇದಿ ಕೀಲಿ ಹಾಕುವುದನ್ನು ಮರೆತಿದ್ದರೆ? ಪಕ್ಕದಲ್ಲಿ ಕೂತವರು ಒಂದು ಗಳಿಗೆ ಎದ್ದುಹೋಗಿದ್ದರೆ? ನಾನು ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದೆ, ಆಮೇಲೆ ಓಡುತ್ತಿದ್ದೆ.

ಅಕ್ಕಲಕೋಟೆಯ ಬಸ್ಸು ನಿಂತಿತ್ತು. ಕಿಟಕಿಯ ಪಕ್ಕ ಕೂತು, ಸುದ್ದಿ ತಿದ್ದುವಂತೆ ಮನಸ್ಸನ್ನು ತಿದ್ದಲು ನೋಡಿದೆ. ಒಂದು ಇಲಿ ಬೇಗ ನಿಂತಿತು. ಇಲಿಗಳು ನಿಲ್ಲುತ್ತವೆ. ಒಬ್ಬ ಮುದುಕ ಅದಕ್ಕೆ ನನ್ನ ಅಕ್ಕನ ಹೆಸರಿಟ್ಟಿದ್ದ. ಹೆಸರು ಇಟ್ಟ ಮಾತ್ರಕ್ಕೆ ಏನೂ ಆಗುವುದಿಲ್ಲ. ಈ ವಾಕ್ಯಗಳಲ್ಲಿ ತಪ್ಪಿರಲಿಲ್ಲ. ಆದರೂ ಮತ್ತೆ ಮೊದಲಿನಿಂದ ತಿದ್ದತೊಡಗಿದೆ. ವಳಸಂಗ ದಾಟಿದ ಮೇಲೆ ಕುರಿಹಿಂಡು ರಸ್ತೆಗೆ ಅಡ್ಡ ಬಂದು ಬಸ್ಸು ನಿಂತಿತು. ಡ್ರೈವರ್ ಹಾರ್ನ್ ಒತ್ತುತ್ತ ಬೈಯುತ್ತಿದ್ದ, ಕುರುಬ ತನ್ನ ನಡಿಗೆಯಲ್ಲೇ ನಡೆಯುತ್ತಿದ್ದ. ನಾನು ಕಿಟಕಿಯಿಂದ ಒಂದೊಂದು ಕುರಿಯ ಹಣೆ ನೋಡುತ್ತ ಕೂತಿದ್ದೆ. ಅಲ್ಲಿಯ ತನಕ ನಾನು ಎಂದೂ ಕುರಿಯ ಹಣೆ ನೋಡಿದವನಲ್ಲ.

ಮನೆ ಮುಟ್ಟಿದಾಗ ಸಂಜೆಯ ದೀಪ ಹಚ್ಚಿದ್ದರು. ಆಯಿ ಹೊಸ್ತಿಲಲ್ಲೇ ನಿಂತಿದ್ದರು. ನನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದರು.

"ತಮ್ಮಾ, ನಿನಗ ಯಾರು ಹೇಳಿದ್ರು?"

"ಏನಾಗ್ಯದ ಆಯಿ?"

"ಚಾ ಇಡೋ ಹೊತ್ತಿಗಿ ಗ್ವಾಡಿಗಿ ಕುಂತಾಕಿ ಒಮ್ಮಿಂದೊಮ್ಮೆಲೆ ಕೈ ಬಡದ್ಳು ನೋಡು, ಈಸ ಬಿದ್ದವರಂಗ. ಒಂದ ನಾಕ ಸಲ. ಆಮ್ಯಾಲ ನಿಂತಬಿಟ್ಳು. ಅವಾಗಿಂದ ಹಂಗ ಕುಂತಾಳ, ಗದ್ದಾ ಮ್ಯಾಲ ಮಾಡಿ. ಕೆಳಗ ಮಾಡಾಕ ಹ್ವಾದ್ರ ಬಗ್ಗವಲ್ದು. ನಿಮ್ಮ ಮಾಮಾ ಡಾಕ್ಟರನ್ನ ಕರಿಯಾಕ ಹೋಗ್ಯಾನ."

ನಾನು ಒಳಗೆ ಹೋದೆ. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಕೈಗಳು ಎರಡೂ ಬದಿಗೆ ಸಡಿಲವಾಗಿದ್ದವು. ಮುಖ ಮಾಳಿಗೆಯ ಕಡೆ ಎತ್ತಿತ್ತು. ಮೂಗಿನಿಂದ ಸಣ್ಣಗೆ, ಬೇಗ ಬೇಗ ಉಸಿರಾಡುತ್ತಿದ್ದಳು. ಸೀರೆ ನೆನೆದಿರಲಿಲ್ಲ, ಕೂದಲು ನೆನೆದಿರಲಿಲ್ಲ. ಇದನ್ನು ನಾನು ಕೈ ಇಟ್ಟು ನೋಡಿದೆ. ಪಕ್ಕದಲ್ಲಿ ಕೂತು "ಅಕ್ಕಾ" ಎಂದೆ.

ಅವಳ ಕಣ್ಣು ನನ್ನ ಕಡೆ ಹೊರಳಿದವು. ಗದ್ದ ಇಳಿಯಲಿಲ್ಲ. ತುಟಿ ಒಣಗಿ ಅಂಟಿದ್ದವು. ಅವುಗಳನ್ನು ಬಿಡಿಸಿಕೊಂಡು ಕೇಳಿದಳು:

"ಅದನ್ನ ನೀರಿನ್ಯಾಗಿಂದ ತಗದ್ರೇನು?"

ಆಯಿಯೂ ಇದನ್ನು ಕೇಳಿಸಿಕೊಂಡರು. ಹೀಗೆ ಅದನ್ನು ಕಿವಿಯಿಂದ ಕೇಳಿದವರು ನಾವಿಬ್ಬರು.

ತೆಗೆದರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ನಾನು ಹೊರಟಾಗ ಬಾಗಿಲು ಮುಚ್ಚಿತ್ತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯುವುದು ನನ್ನ ಕಸುಬು. "ತಗದ್ರು ಅಕ್ಕಾ, ತಗದು ಒರಸಿ ಇಟ್ಟಾರ" ಎಂದೆ.

ಅವಳ ಗದ್ದ ನಿಧಾನ ಇಳಿಯಿತು. ಒಂದು ಸಲ ಉದ್ದಕ್ಕೆ ಉಸಿರು ಬಿಟ್ಟಳು. ಕೈಗಳನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಆಯಿಯ ಕಡೆ ನೋಡಿ, "ಸೋಲಾಪುರದಿಂದ ಬಂದಾನ. ಅವನಿಗಿ ಚಾ ಮಾಡೀರೋ, ಬರೇ ನಿಂತ ನೋಡಾಕತ್ತೀರೋ?" ಎಂದಳು. ಆಯಿ ಅಡುಗೆಮನೆಗೆ ಹೋದರು. ಅಲ್ಲಿಂದ ಅವರು ಅಳುವುದು ಕೇಳಿಸಿತು. ಚಹಾದಲ್ಲಿ ಸಕ್ಕರೆ ಇರಲಿಲ್ಲ. ಮೂವರೂ ಕುಡಿದೆವು.

ಮರುದಿನ ಬೆಳಿಗ್ಗೆ ನಾನು ಕೇಳಬೇಕಾದ್ದನ್ನೆಲ್ಲ ಕೇಳಿದೆ. ಅಂಗಡಿಗೆ ಸೋಲಾಪುರದಿಂದ ಫೋನ್ ಬಂದಿರಲಿಲ್ಲ. ನನ್ನ ಬಸ್ಸಿಗಿಂತ ಮೊದಲು ಅಲ್ಲಿಂದ ಯಾರೂ ಬಂದಿರಲಿಲ್ಲ. ಒಬ್ಬ ಡಾಕ್ಟರರು ಇಲಿಗಳ ಮೇಲೆ ಔಷಧ ನೋಡುತ್ತಾರೆಂದು ನಾನು ಮಾಮಾನಿಗೆ ಹಿಂದೆ ಹೇಳಿದ್ದು ನಿಜ. ಆಗ ಅಕ್ಕ ಅದೇ ಕೋಣೆಯಲ್ಲಿದ್ದಳು, ಅದೂ ನಿಜ. ನೀರಿನ ವಿಷಯ ಹೇಳಿರಲಿಲ್ಲ. ಬಾವಿಯ ಕಟ್ಟೆಯಿಂದ ಎಳೆದ ಮನೆಯಲ್ಲಿ ನೀರಿನ ಮಾತು ಎತ್ತುವ ಧೈರ್ಯ ನನಗಿರಲಿಲ್ಲ. ಆಯಿ ಗಡಿಯಾರ ನೋಡಿರಲಿಲ್ಲ. ಚಹಾ ಇಡುವ ಹೊತ್ತು ಎಂದರೆ ಯಾವ ಹೊತ್ತು ಎಂದು ಎಷ್ಟು ಕೇಳಿದರೂ, "ಚಾ ಇಡೋ ಹೊತ್ತು ಅಂದ್ರ ಚಾ ಇಡೋ ಹೊತ್ತಪಾ" ಎಂದರು.

ಸೋಲಾಪುರಕ್ಕೆ ಮರಳಿ ನೇರ ಪ್ರಯೋಗಶಾಲೆಗೆ ಹೋದೆ. ಜೋಶಿಯವರು ಇಲಿಯನ್ನು ತೆಗೆದಿದ್ದರು. ಆದರೆ ಅದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

"ಟೈಮ್ ಮುಗಿಯೋಕಿಂತ ಮೊದಲ ನಾನ ತಗದ್ಯಾ. ಗಡಿಯಾರ ನಡದಿತ್ತು, ಕೈ ನೀರಿಗಿ ಹೋತು. ಯಾಕಂತ ಕೇಳಬ್ಯಾಡ್ರಿ. ಹಂಗ ನಾ ಎಂದೂ ಮಾಡಿಲ್ಲ." ಆಮೇಲೆ ಇನ್ನೊಂದು ಮಾತು ಹೇಳಿದರು. ಬೀರಪ್ಪನನ್ನು ವಿಚಾರಿಸಿದ ಮೇಲೆ ಅವರಿಗೆ ಗೊತ್ತಾಗಿತ್ತು, ಆ ಇಲಿಗೆ ಔಷಧ ಕೊಟ್ಟಿರಲಿಲ್ಲ, ಅದಕ್ಕಿಂತ ಮೊದಲು ಅದನ್ನು ನೀರಿಗೂ ಬಿಟ್ಟಿರಲಿಲ್ಲ. "ಮೊದಲನೇ ಸಲ ನೀರು ಕಂಡ ಇಲಿ ಹಂಗ ನಿಂದ್ರಂಗಿಲ್ಲ. ಬಡದಾಡ್ತದ. ಎಲ್ಲಾವೂ ಬಡದಾಡ್ತಾವ."

ಅವರು ಬೀರಪ್ಪನನ್ನು ಬೈದು, ಕೆಲಸಕ್ಕೆ ಬಾರದ ಆ ಇಲಿಯನ್ನು ಅವನಿಗೇ ಕೊಟ್ಟುಬಿಟ್ಟರು. ಅವನು ಅದನ್ನು ಮುಚ್ಚಳದ ಬುಟ್ಟಿಯಲ್ಲಿ ವಾಗದರಿಗೆ ಒಯ್ದ. ಮುಂದಿನ ವಾರ ಮಾಮಾ ಅಂಗಡಿಗೆ ಕೀಲಿ ಹಾಕಿ ಅಕ್ಕನನ್ನು ಸೋಲಾಪುರಕ್ಕೆ ಕರೆತಂದ. ಜೋಶಿಯವರು ತಮ್ಮ ಪರಿಚಯದ ವೈದ್ಯರಿಗೆ ತೋರಿಸಿದರು. ಗುಳಿಗೆ ಮತ್ತೆ ಶುರುವಾಯಿತು, ಈ ಸಲ ನಡುವೆ ನಿಲ್ಲಲಿಲ್ಲ. ಯುಗಾದಿಯ ಹೊತ್ತಿಗೆ ಅಕ್ಕ ಅಂಗಡಿಯಲ್ಲಿ ಕೂತಳು. ಗುಣವಾದದ್ದು ಗುಳಿಗೆಯಿಂದ ಎಂದು ವೈದ್ಯರು ಹೇಳಿದರು. ಅದನ್ನು ಅಲ್ಲಗಳೆಯಲು ನನ್ನ ಹತ್ತಿರ ಏನೂ ಇಲ್ಲ. ಆದರೆ ಆ ಸಂಜೆ ಅವಳ ಹೊಟ್ಟೆಯಲ್ಲಿ ಗುಳಿಗೆ ಇರಲಿಲ್ಲ.

ಆ ಪ್ರಶ್ನೆಯ ಬಗ್ಗೆ ಅಕ್ಕನನ್ನೂ ಕೇಳಿದ್ದೇನೆ. ಹಾಗೆ ಕೇಳಿದ್ದು ಅವಳಿಗೆ ನೆನಪಿಲ್ಲ. ಸಕ್ಕರೆ ಇಲ್ಲದ ಚಹಾ ನೆನಪಿದೆ.

ಬೇಸಿಗೆಯಲ್ಲಿ ವಾಗದರಿಗೆ ಹೋಗಿದ್ದೆ, ಸುದ್ದಿಗಲ್ಲ. ಬುಟ್ಟಿ ಖಾಲಿ ಇತ್ತು. "ಸತ್ತಿಲ್ಲರಿ, ಹೋಗ್ಯದ. ದೇವರಿಗಿ ಬಿಟ್ಟದ್ದನ್ನ ಬುಟ್ಟ್ಯಾಗ ಇಟ್ಟಕೊಂಡ ಕೂಡಾಕ ಬರ್ತದೇನು?" ಎಂದ ಬೀರಪ್ಪ. ಆ ರಾತ್ರಿಯಿಂದ ಬಹಳ ದಿನ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಇಲಿಗಳು ಎರಡು ಮೂರು ವರ್ಷಕ್ಕಿಂತ ಹೆಚ್ಚು ಬದುಕುವುದಿಲ್ಲವೆಂದು ಜೋಶಿಯವರು ಮೊದಲೇ ಹೇಳಿದ್ದರು. ಆ ವರ್ಷಗಳು ಮುಗಿಯುವ ತನಕ ವಾರಕ್ಕೊಮ್ಮೆ ಅಕ್ಕಲಕೋಟೆಗೆ ಹೋಗಿ ಬರುತ್ತಿದ್ದೆ. ಕಾರಣ ಮನೆಯಲ್ಲಿ ಹೇಳಲಿಲ್ಲ.

ಬೀರಪ್ಪ ಈಗಿಲ್ಲ. ಜೋಶಿಯವರು ಕೆಲಸ ಬಿಟ್ಟು ಮಗಳ ಊರಿಗೆ ಹೋದರು. ಆಯಿ ತೀರಿಕೊಂಡರು. ಅಕ್ಕ ಇದ್ದಾಳೆ. ಅಪರೂಪಕ್ಕೆ ಮಾತಿನ ನಡುವೆ ಗದ್ದ ಸ್ವಲ್ಪ ಮೇಲೆತ್ತಿ ನಿಲ್ಲುತ್ತಾಳೆ. ಆಗ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಆಮೇಲೆ ಮಾತು ಬಿಟ್ಟಲ್ಲಿಂದ ಮುಂದುವರಿಸುತ್ತಾಳೆ. ಹಿತ್ತಲಿನ ಬಾವಿಯ ಜಾಳಿಗೆಯನ್ನು ಇನ್ನೂ ತೆಗೆದಿಲ್ಲ. ದಿನಾ ಬೆಳಿಗ್ಗೆ ಕೀಲಿ ತೆರೆದು ನೀರು ಸೇದುವವಳು ಅಕ್ಕ. ಕೀಲಿಕೈ ಅವಳ ಸೊಂಟದಲ್ಲಿದೆ.